ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ಸ್ಟುಟ್‌ಗಾರ್ಟ್ ಹಾಗೂ ಸುತ್ತಲಿನ ಬ್ಯೋಬ್ಲಿಂಗೆನ್, ಸಿಂಡೆಲ್‌ಫಿಂಗೆನ್, ಲುಡ್ವಿಗ್ಸ್‌ಬುರ್ಗ್, ಎಸ್‌ಲಿಂಗೆನ್ ಊರುಗಳಿಗೆ ಕೆಲಸದ ಮೇಲೆ ಬರುವ ಕನ್ನಡ ಕುಟುಂಬಗಳಿಗಾಗಿ ನಮ್ಮ ಕೂಟದ ಸ್ವಯಂಸೇವಕರು ಈ ಮಾರ್ಗದರ್ಶಿಯನ್ನು ಸಿದ್ಧಪಡಿಸಿದ್ದೇವೆ. ವೀಸಾ, ವಿಮಾನ, ಕಚೇರಿ ಇವುಗಳ ವಿಚಾರವನ್ನು ನಿಮ್ಮ ಕಂಪನಿಯವರೇ ತಿಳಿಸುತ್ತಾರೆ. ಸೂಟ್‌ಕೇಸ್ ಬಿಚ್ಚಿಟ್ಟ ಮಾರನೆಯ ದಿನದಿಂದ ಎದುರಾಗುವ ಸಂಗತಿಗಳನ್ನು ಹೇಳುವವರು ಯಾರೂ ಇರುವುದಿಲ್ಲ. ಊರಿನಲ್ಲಿ ಬಾಯಿಮಾತಿನಲ್ಲಿ ಮುಗಿಯುವ ಎಷ್ಟೋ ವ್ಯವಹಾರಗಳು ಇಲ್ಲಿ ಕಾಗದದಲ್ಲಿಯೇ ಹುಟ್ಟಿ ಕಾಗದದಲ್ಲಿಯೇ ಮುಗಿಯುತ್ತವೆ. ಇದನ್ನು ತಿಳಿಯಲು ಬರೆಯುತ್ತಿರುವ ನನಗೆ ಎರಡು ವರ್ಷ ಹಿಡಿಯಿತು, ಮತ್ತು ಅದಕ್ಕಾಗಿ ಸಾಕಷ್ಟು ಹಣವನ್ನೂ ಕಟ್ಟಬೇಕಾಯಿತು.

ಅಂಚೆಪೆಟ್ಟಿಗೆಯ ಮೇಲಿನ ಹೆಸರು

ಮನೆಗೆ ಬಂದ ದಿನವೇ ಮಾಡಬೇಕಾದ ಮೊದಲ ಕೆಲಸವೆಂದರೆ ಕೆಳಗಿನ ಅಂಚೆಪೆಟ್ಟಿಗೆಯ ಮೇಲೆ ಮತ್ತು ಕರೆಗಂಟೆಯ ಪಕ್ಕದಲ್ಲಿ ಹೆಸರು ಅಂಟಿಸುವುದು. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ. ಅಂಚೆಯವರು ಹೆಸರನ್ನು ನೋಡಿ ಕಾಗದ ಹಾಕುತ್ತಾರೆ, ಹೆಸರು ಕಾಣದಿದ್ದರೆ ಹಿಂದಕ್ಕೆ ಕಳಿಸುತ್ತಾರೆ. ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷ ತೊಡಕಿದೆ. ನಮ್ಮ ಇನಿಷಿಯಲ್‌ಗಳನ್ನು ಪಾಸ್‌ಪೋರ್ಟ್‌ಗಾಗಿ ಬಿಡಿಸಿ ಬರೆಯುವಾಗ ಗಂಡನ ಸರ್‌ನೇಮ್ ಅವರ ಊರಿನ ಹೆಸರಾಗುತ್ತದೆ, ಹೆಂಡತಿಯದು ಅವಳ ತಂದೆಯ ಹೆಸರಾಗುತ್ತದೆ, ಮಗುವಿನದು ಅಪ್ಪನ ಹೆಸರಾಗುತ್ತದೆ. ಒಂದೇ ಮನೆಯಲ್ಲಿ ಮೂವರಿಗೆ ಮೂರು ಸರ್‌ನೇಮ್. ಆ ಮೂರನ್ನೂ ಪಾಸ್‌ಪೋರ್ಟ್‌ನಲ್ಲಿರುವ ಅಕ್ಷರಗಳಲ್ಲೇ ಪೆಟ್ಟಿಗೆಯ ಮೇಲೆ ಬರೆಯಿರಿ.

ನಾವು ಯಜಮಾನರ ಹೆಸರೊಂದನ್ನೇ ಬರೆದಿದ್ದೆವು. ಎರಡು ವರ್ಷದ ಮಗಳ ಆರೋಗ್ಯ ವಿಮೆಯ ಕಾರ್ಡು ಎರಡು ಸಲ ಬಂದು ಎರಡು ಸಲವೂ ಹಿಂದಿರುಗಿತ್ತು. ಮೂರನೆಯ ವಾರ ಅವಳಿಗೆ ಜ್ವರ ಬಂದಾಗ ಕ್ಲಿನಿಕ್‌ನಲ್ಲಿ ಕೇಳಿದ ಮೊದಲ ಮಾತೇ ಕಾರ್ಡಿನದು. ಅದು ಇಲ್ಲವೆಂದು ಬಿಲ್ಲನ್ನು ಕೈಯಿಂದ ಕಟ್ಟಿದೆವು. ಹಣಕ್ಕಿಂತ ಹೆಚ್ಚಾಗಿ, ಮಗುವನ್ನು ಎತ್ತಿಕೊಂಡು ಆ ಕೌಂಟರಿನ ಮುಂದೆ ಭಾಷೆ ಬಾರದೆ ನಿಂತದ್ದು ಇಂದಿಗೂ ಮರೆತಿಲ್ಲ.

ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ಅನ್‌ಮೆಲ್ಡುಂಗ್, ಅಂದರೆ ವಾಸದ ನೋಂದಣಿ, ಮಾಡಿಸಬೇಕು. ಪಾಸ್‌ಪೋರ್ಟ್‌ಗಳು, ಮದುವೆಯ ಮತ್ತು ಮಕ್ಕಳ ಜನನದ ಪ್ರಮಾಣಪತ್ರಗಳು, ಮನೆಯೊಡೆಯರು ಸಹಿ ಮಾಡಿಕೊಟ್ಟ ದೃಢೀಕರಣ ಪತ್ರ ಇಷ್ಟು ಕೈಯಲ್ಲಿರಲಿ. ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಮಾನ್ಯತೆ ಪಡೆದ ಭಾಷಾಂತರಕಾರರಿಂದ ಅನುವಾದ ಮಾಡಿಸಿಟ್ಟುಕೊಳ್ಳಿ. ಬಾಡಿಗೆ ಕರಾರು ಇದೆಯಲ್ಲ, ಸಾಲದೇ ಎಂದು ವಾದಿಸಬೇಡಿ, ಸಾಲುವುದಿಲ್ಲ. ಕಚೇರಿಯ ಭೇಟಿಗೆ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು. ಹತ್ತು ಗಂಟೆ ಎಂದರೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಅಲ್ಲಿರಬೇಕು. ನೋಂದಣಿಯಾದ ಕೆಲವು ವಾರಗಳಲ್ಲಿ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಅದೂ ಆ ಪೆಟ್ಟಿಗೆಗೇ.

ಮನೆ, ಡಿಪಾಸಿಟ್ ಮತ್ತು ಬೂಷ್ಟು

ಜಾಹೀರಾತಿನಲ್ಲಿ ಎರಡು ಬಾಡಿಗೆಗಳಿರುತ್ತವೆ. ಕಾಲ್ಟ್‌ಮೀಟೆ ಎಂಬುದು ಬರಿಯ ಮನೆಯ ಬಾಡಿಗೆ; ವಾರ್ಮ್‌ಮೀಟೆಯಲ್ಲಿ ನೀರು, ಕಸ, ಬಹುಪಾಲು ಕಡೆ ಹೀಟರಿನ ಖರ್ಚೂ ಸೇರಿರುತ್ತವೆ. ಡಿಪಾಸಿಟ್ ಕಾಲ್ಟ್‌ಮೀಟೆಯ ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ, ಮತ್ತು ಅದನ್ನು ಮೂರು ಮಾಸಿಕ ಕಂತುಗಳಲ್ಲಿ ಕೊಡುವ ಹಕ್ಕು ಕಾನೂನಿನಲ್ಲಿಯೇ ನಿಮಗಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬಂದವರಿಗೆ ಇದು ಹಗುರವೆನಿಸುತ್ತದೆ, ಆದರೆ ಅದನ್ನು ಮರಳಿ ಪಡೆಯುವುದು ಅಷ್ಟು ಹಗುರವಲ್ಲ. ಅನೇಕ ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ ಮತ್ತು ನೀರಿನ ಪೈಪು ಮಾತ್ರ. ಒಲೆ, ಸಿಂಕು, ಕಪಾಟು ಯಾವುದೂ ಇರುವುದಿಲ್ಲ. ದೀಪಗಳ ಜಾಗದಲ್ಲಿ ಎರಡು ವೈರು ತೂಗುತ್ತಿರುತ್ತವೆ. ಕೀಲಿಕೈ ಪಡೆಯುವ ದಿನ ಪ್ರತಿ ಕೋಣೆಯ ಫೋಟೊ ತೆಗೆದು, ನೆಲದ ಗೀರು, ಗೋಡೆಯ ಕಲೆ, ಮೀಟರಿನ ಅಂಕಿ ಎಲ್ಲವನ್ನೂ ಹಸ್ತಾಂತರ ಪತ್ರದಲ್ಲಿ ಬರೆಸಿ ಇಬ್ಬರೂ ಸಹಿ ಮಾಡಿರಿ. ಮನೆಯೊಡೆಯರು ಒಳ್ಳೆಯವರು, ಬರೆಸಿದರೆ ಏನೆಂದುಕೊಳ್ಳುತ್ತಾರೋ ಎಂಬ ನಮ್ಮ ದಾಕ್ಷಿಣ್ಯ ಇಲ್ಲಿ ಬೇಡ. ಬರೆಸದಿದ್ದರೇ ಅವರಿಗೆ ಆಶ್ಚರ್ಯವಾಗುತ್ತದೆ.

ಇನ್ನು ಬೂಷ್ಟಿನ ಮಾತು. ಇದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮ ಅಡುಗೆಯಲ್ಲಿ ಹಬೆ ಹೆಚ್ಚು: ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಕುಕ್ಕರ್, ಸಂಜೆ ಸಾರು. ಅದರ ಮೇಲೆ ತಲೆಗೆ ನೀರು ಹಾಕಿಕೊಂಡ ಬಿಸಿ ಸ್ನಾನ, ಮಲಗುವ ಕೋಣೆಯಲ್ಲಿ ಹರಡಿದ ಒದ್ದೆ ಬಟ್ಟೆ. ಚಳಿಗೆ ಹೆದರಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಿಟಕಿಯನ್ನೇ ತೆರೆಯುವುದಿಲ್ಲ. ಇಲ್ಲಿನ ಮನೆಗಳು ಗಾಳಿ ಆಡದಂತೆ ಬಿಗಿಯಾಗಿ ಕಟ್ಟಿದವು. ಒಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ತಣ್ಣಗಿರುವ ಹೊರಗೋಡೆಯ ಮೇಲೆ ಕೂತು, ಮೂಲೆಯಲ್ಲಿ, ಬೀರುವಿನ ಹಿಂದೆ, ಕಪ್ಪು ಚುಕ್ಕೆಗಳಾಗಿ ಏಳುತ್ತದೆ. ನಮ್ಮ ಮನೆಯಲ್ಲಿ ಅದನ್ನು ಮೊದಲು ಕಂಡದ್ದು ಫೆಬ್ರುವರಿಯಲ್ಲಿ, ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದಾಗ. ಮದುವೆಯ ಸೀರೆಯ ಸೆರಗಿನಲ್ಲಿ ಹಸಿರು ಪುಡಿಯಂತೆ ಬೂಷ್ಟು ಹಿಡಿದಿತ್ತು, ಪೆಟ್ಟಿಗೆಯನ್ನು ಸರಿಸಿದರೆ ಹಿಂದಿನ ಗೋಡೆ ಮೊಣಕಾಲೆತ್ತರದವರೆಗೆ ಕಪ್ಪಾಗಿತ್ತು. ನಾವು ಒರೆಸಿ, ಯಾರಿಗೂ ಹೇಳದೆ ಬಣ್ಣ ಬಳಿದೆವು. ಮನೆ ಬಿಡುವಾಗ ಬಣ್ಣದ ಕೆಳಗಿಂದ ಅದು ಮತ್ತೆ ಎದ್ದಿತ್ತು, ಡಿಪಾಸಿಟ್‌ನ ದೊಡ್ಡ ಪಾಲು ಹೋಯಿತು. ಕಂಡ ದಿನವೇ ಮನೆಯೊಡೆಯರಿಗೆ ಫೋಟೊ ಸಹಿತ ಬರೆದು ತಿಳಿಸಿದ್ದರೆ ತಪ್ಪು ಗೋಡೆಯದೋ ನಮ್ಮದೋ ಎಂಬುದನ್ನಾದರೂ ವಿಚಾರಿಸಬಹುದಿತ್ತು.

ಆದ್ದರಿಂದ ದಿನಕ್ಕೆ ಎರಡು ಮೂರು ಸಲ, ಎಷ್ಟೇ ಚಳಿಯಿರಲಿ, ಹೀಟರ್ ತಗ್ಗಿಸಿ ಎದುರುಬದುರಿನ ಕಿಟಕಿಗಳನ್ನು ಐದರಿಂದ ಹತ್ತು ನಿಮಿಷ ಪೂರ್ತಿಯಾಗಿ ತೆರೆಯಿರಿ. ಕಿಟಕಿಯ ಮೇಲ್ಭಾಗವನ್ನು ಓರೆಯಾಗಿಸಿ ಇಡೀ ದಿನ ಬಿಡುವುದರಿಂದ ಗೋಡೆ ತಣ್ಣಗಾಗುವುದೇ ಹೊರತು ತೇವ ಹೋಗುವುದಿಲ್ಲ. ಅಡುಗೆಯಾದ ಕೂಡಲೇ ಮತ್ತು ಸ್ನಾನವಾದ ಕೂಡಲೇ ಕಿಟಕಿ ತೆರೆಯಿರಿ, ಆ ಹೊತ್ತಿನಲ್ಲಿ ಉಳಿದ ಕೋಣೆಗಳ ಬಾಗಿಲು ಮುಚ್ಚಿರಲಿ. ಬೀರುವನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ತೇವ ಅಳೆಯುವ ಚಿಕ್ಕ ಯಂತ್ರ ಅಂಗಡಿಯಲ್ಲಿ ಸಿಗುತ್ತದೆ; ಅದರ ಅಂಕಿ 40ರಿಂದ 60ರ ನಡುವೆ ಇದ್ದರೆ ಚಿಂತೆಯಿಲ್ಲ.

ನೆರೆಹೊರೆ

ಒಂದು ದಿನ ನಿಮ್ಮ ಬಾಗಿಲ ಹಿಡಿಕೆಗೆ ಯಾರೋ ಒಂದು ಫಲಕ ತೂಗುಹಾಕಿ ಹೋಗಿರುತ್ತಾರೆ. ಅದರಲ್ಲಿ ಕೇರ್‌ವೋಖೆ ಎಂದು ಬರೆದಿದ್ದರೆ ಆ ವಾರ ಮೆಟ್ಟಿಲು, ಪಡಸಾಲೆ, ಕೆಲವೆಡೆ ಅಂಗಳವನ್ನೂ ಗುಡಿಸಿ ಒರೆಸುವ ಸರದಿ ನಿಮ್ಮದು. ಇದು ಈ ಶ್ವಾಬಿಯಾ ಸೀಮೆಯ ಹಳೆಯ ಪದ್ಧತಿ, ಬಹಳಷ್ಟು ಬಾಡಿಗೆ ಕರಾರುಗಳಲ್ಲಿ ಇಂದಿಗೂ ಇದೆ. ಮೆಟ್ಟಿಲು ಕೊಳೆಯಾಗಿಲ್ಲವಲ್ಲ ಎನ್ನಬೇಡಿ. ನಮ್ಮ ತಾಯಂದಿರು ಕಸವಿರಲಿ ಇಲ್ಲದಿರಲಿ ಬೆಳಿಗ್ಗೆ ಬಾಗಿಲು ಸಾರಿಸಿ ರಂಗೋಲಿ ಇಡುತ್ತಿರಲಿಲ್ಲವೇ? ಹಾಗೆಯೇ ಇದು. ನಮ್ಮ ಕೆಲವು ಕುಟುಂಬಗಳು ತಿಂಗಳುಗಟ್ಟಲೆ ಇದನ್ನು ತಪ್ಪಿಸಿ, ಆಮೇಲೆ ನೆರೆಯವರು ಮಾತನಾಡಿಸುವುದಿಲ್ಲವೆಂದು ದೂರಿದ್ದನ್ನು ಕಂಡಿದ್ದೇವೆ. ಒಂದು ಕುಟುಂಬದ ಉದಾಸೀನ ಮುಂದೆ ಬರುವ ಹತ್ತು ಭಾರತೀಯ ಕುಟುಂಬಗಳಿಗೆ ಮನೆ ಸಿಗದಂತೆ ಮಾಡುತ್ತದೆ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮತ್ತು ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಇಡ್ಲಿ ಹಿಟ್ಟನ್ನು ಶನಿವಾರ ಸಂಜೆಯೊಳಗೆ ರುಬ್ಬಿಕೊಳ್ಳಿ. ಗೋಡೆಗೆ ಮೊಳೆ ಹೊಡೆಯುವುದು, ಗಾಜಿನ ಸೀಸೆಗಳನ್ನು ತೊಟ್ಟಿಗೆ ಹಾಕುವುದು ಭಾನುವಾರ ಸಲ್ಲದು. ಅಂಗಡಿಗಳೂ ಅಂದು ಮುಚ್ಚಿರುತ್ತವೆ, ಹಾಲು ತರಕಾರಿ ಶನಿವಾರವೇ ತನ್ನಿ. ಮನೆಯೊಳಗೆ ಹೊಗೆ ಎಚ್ಚರಿಕೆಯ ಯಂತ್ರವಿರುತ್ತದೆ. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಮಂಗಳಾರತಿಯ ಕರ್ಪೂರವನ್ನು ಅದರ ಕೆಳಗೆ ಹಚ್ಚಬೇಡಿ.

ಮೆಟ್ಟಿಲಲ್ಲಿ ಎದುರಾದವರಿಗೆ, ವೈದ್ಯರ ಕಾಯುವ ಕೋಣೆಗೆ ಹೋದಾಗ ಅಲ್ಲಿ ಕುಳಿತವರಿಗೆಲ್ಲ ನಮಸ್ಕಾರ ಹೇಳುವುದು ಇಲ್ಲಿನ ರೂಢಿ.

ಕಾಯಿಲೆ ಬಂದರೆ

ಜೀವಕ್ಕೆ ಅಪಾಯವಿದ್ದರೆ, ಬೆಂಕಿ ಬಿದ್ದರೆ: 112.
ಪೊಲೀಸ್: 110.
ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ ವೈದ್ಯರು ಬೇಕಾದರೆ: 116117.
ಮಗು ವಿಷದ ವಸ್ತು ನುಂಗಿದರೆ, ಫ್ರೈಬುರ್ಗ್‌ನ ಸಲಹಾ ಕೇಂದ್ರ: 0761 19240.

ಮಕ್ಕಳ ವೈದ್ಯರನ್ನು ಜ್ವರ ಬಂದ ಮೇಲೆ ಹುಡುಕಬೇಡಿ, ಬಂದ ತಿಂಗಳೇ ಹುಡುಕಿ ಹೆಸರು ಬರೆಸಿ. ನೆಗಡಿ ಜ್ವರಕ್ಕೆ ಆ್ಯಂಟಿಬಯೊಟಿಕ್ ಕೊಡಲಿಲ್ಲವೆಂದು ವೈದ್ಯರನ್ನು ಬದಲಿಸಬೇಡಿ. ಸರ್ಕಾರಿ ವ್ಯವಸ್ಥೆಯ ವಿಮೆಯಲ್ಲಿ ಸಂಪಾದನೆಯಿಲ್ಲದ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳು ಬೇರೆ ಹಣವಿಲ್ಲದೆ ಸೇರುತ್ತಾರೆ, ಆದರೆ ಅರ್ಜಿಯನ್ನು ನೀವೇ ಹಾಕಬೇಕು.

ಮಕ್ಕಳು ಮತ್ತು ಶಾಲೆ

ಊರಿನ ಲಸಿಕೆ ಪುಸ್ತಕವನ್ನು ಕೈಚೀಲದಲ್ಲಿಯೇ ತನ್ನಿ. 2020ರ ಮಾರ್ಚ್‌ನಿಂದ ದಡಾರದ ಲಸಿಕೆಯ ದಾಖಲೆಯಿಲ್ಲದೆ ಶಿಶುವಿಹಾರದಲ್ಲಿ ಸೇರಿಸಿಕೊಳ್ಳುವುದಿಲ್ಲ. ಜರ್ಮನ್ ಬಾರದ ಮಕ್ಕಳಿಗೆ ಶಾಲೆಗಳಲ್ಲಿ ಭಾಷೆ ಕಲಿಸುವ ಪೂರ್ವಸಿದ್ಧತಾ ತರಗತಿಗಳಿವೆ. ಮಗುವನ್ನು ಅದಕ್ಕೆ ಹಾಕಿದರೆಂದು ಅವಮಾನಪಡಬೇಕಾಗಿಲ್ಲ. ಶಾಲೆಗೆ ಹೋಗುವುದು ಇಲ್ಲಿ ಕಾನೂನಿನ ಕಡ್ಡಾಯ. ಟಿಕೆಟ್ ಅಗ್ಗವೆಂದು ರಜೆಗೆ ನಾಲ್ಕು ದಿನ ಮುಂಚೆಯೇ ಮಕ್ಕಳನ್ನು ಊರಿಗೆ ಕರೆದೊಯ್ದರೆ ದಂಡ ಬೀಳಬಹುದು. ಅಜ್ಜಿ ತಾತ ಕಾಯುತ್ತಿರುತ್ತಾರೆ, ನಿಜ. ರಜೆಯ ಪಟ್ಟಿ ಎರಡು ಮೂರು ವರ್ಷ ಮೊದಲೇ ಪ್ರಕಟವಾಗಿರುತ್ತದೆ, ನೋಡಿಕೊಂಡು ಟಿಕೆಟ್ ಮಾಡಿಸಿ.

ಇನ್ನೊಂದು ಮಾತು, ಶಾಲೆಯವರು ಪ್ರತ್ಯೇಕವಾಗಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿರುತ್ತಾರೆ. ಒಂದನೆಯ ತರಗತಿಯ ಮೊದಲ ದಿನ ಪ್ರತಿ ಮಗುವೂ ತನ್ನಷ್ಟೇ ಎತ್ತರವೆನಿಸುವ ಬಣ್ಣದ ಕಾಗದದ ಶಂಕುವನ್ನು ಅಪ್ಪಿಕೊಂಡು ಬರುತ್ತದೆ. ಅದಕ್ಕೆ ಷೂಲ್‌ಟ್ಯೂಟೆ ಎಂದು ಹೆಸರು, ಒಳಗೆ ಸಿಹಿ, ಪೆನ್ಸಿಲು, ಆಟಿಕೆಗಳನ್ನು ತಂದೆತಾಯಿ ತುಂಬಿರುತ್ತಾರೆ. ನನ್ನ ಮಗಳು ರೇಷ್ಮೆ ಲಂಗ ತೊಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು, ಫೋಟೊದಲ್ಲಿ ಬರಿಗೈಯಲ್ಲಿ ನಿಂತಿದ್ದಾಳೆ. ಈಗ ಕೂಟದ ಹಿರಿಯ ಮಕ್ಕಳ ತಾಯಂದಿರು ಪ್ರತಿ ಆಗಸ್ಟ್‌ನಲ್ಲಿ ಸೇರಿ ಹೊಸಬರ ಮಕ್ಕಳಿಗೆ ಇದನ್ನು ಮಾಡಿಕೊಡುತ್ತೇವೆ, ತಿಳಿಸಿದರೆ ಸಾಕು.

ಮಕ್ಕಳ ಭತ್ಯೆಗೆ (2025ರಲ್ಲಿ ಪ್ರತಿ ಮಗುವಿಗೆ ತಿಂಗಳಿಗೆ 255 ಯೂರೊ) ಅರ್ಹತೆ ನಿಮ್ಮ ವೀಸಾದ ಬಗೆಯನ್ನು ಅವಲಂಬಿಸಿದೆ. ತಡವಾಗಿ ಅರ್ಜಿ ಹಾಕಿದರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ.

ಓಡಾಟ

ಟಿಕೆಟ್ ಇಲ್ಲದೆ ರೈಲು ಹತ್ತಿದರೆ 60 ಯೂರೊ ದಂಡ. ಗೊತ್ತಿರಲಿಲ್ಲ ಎಂಬ ಉತ್ತರ ನಡೆಯುವುದಿಲ್ಲ.
ದೇಶದ ಸ್ಥಳೀಯ ಬಸ್ಸು ರೈಲುಗಳಲ್ಲಿ ನಡೆಯುವ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ದೂರದ ವೇಗದ ರೈಲುಗಳಿಗೆ (ಐಸಿಇ, ಐಸಿ) ಸಲ್ಲದು.
ಭಾರತದ ಡ್ರೈವಿಂಗ್ ಲೈಸೆನ್ಸ್ ವಾಸ ಆರಂಭವಾದ ಆರು ತಿಂಗಳವರೆಗೆ ಮಾತ್ರ. ಆಮೇಲೆ ಬರಹದ ಮತ್ತು ವಾಹನದ ಎರಡೂ ಪರೀಕ್ಷೆ.
ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ.

ಊರಿನಿಂದ ತರಬಹುದಾದದ್ದು, ತರಬಾರದ್ದು

ತುಪ್ಪ, ಧಾರವಾಡ ಪೇಡೆ, ಹಾಲಿನ ಯಾವ ಪದಾರ್ಥವೂ ಬೇಡ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನ ಹಣ್ಣು ಬೇಡ. ತೆಂಗಿನಕಾಯಿ, ಬಾಳೆಹಣ್ಣು ಆಗಬಹುದು. ಸಾರಿನ ಪುಡಿ, ಹುಳಿಪುಡಿ, ಕಾಫಿ ಫಿಲ್ಟರ್ ತನ್ನಿ. ಅಕ್ಕಿ, ಬೇಳೆ, ರಾಗಿಹಿಟ್ಟು ಇಲ್ಲಿಯೇ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತವೆ.

ಭಾಷೆ

ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆಂದು ಐದಾರು ವರ್ಷ ಜರ್ಮನ್ ಕಲಿಯದೆ ಉಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯುವುದಿಲ್ಲವೆಂದು ಬೇಸರಪಡುವ ನಾವು ಇಲ್ಲಿ ಅದನ್ನೇ ಮಾಡುವುದು ಸರಿಯಲ್ಲ. ಈ ನೆಲಕ್ಕೂ ನಮ್ಮ ನುಡಿಗೂ ಇರುವ ನಂಟು ಸಣ್ಣದಲ್ಲ. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಹರ್ಮನ್ ಮ್ಯೋಗ್ಲಿಂಗ್ ಇದೇ ವ್ಯುರ್ಟೆಂಬರ್ಗ್‌ನ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದವರು. 1894ರಲ್ಲಿ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಇಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯ ಟ್ಯೂಬಿಂಗೆನ್‌ನಲ್ಲಿ. ಅವರು ನಮ್ಮ ಭಾಷೆಗಾಗಿ ಪಟ್ಟ ಶ್ರಮದ ಕಾಲುಭಾಗವನ್ನಾದರೂ ಅವರ ಭಾಷೆಗಾಗಿ ನಾವು ಪಡೋಣ. ಜರ್ಮನ್‌ನ ದು ಮತ್ತು ಜೀ ನಮ್ಮ ನೀನು ಮತ್ತು ನೀವು ಇದ್ದಂತೆ, ಅದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರಾಗಿ ಹೇಳುವವರೆಗೆ ನೀವು ಎಂದೇ ಮಾತನಾಡಿಸಿ. ಮನೆಯಲ್ಲಿ ಮಕ್ಕಳೊಡನೆ ಮಾತ್ರ ಕನ್ನಡವನ್ನೇ ಆಡಿ. ಜರ್ಮನ್ ಅನ್ನು ಶಾಲೆ ಕಲಿಸುತ್ತದೆ, ಕನ್ನಡವನ್ನು ಕಲಿಸಲು ಇಲ್ಲಿ ನಿಮ್ಮ ಹೊರತು ಬೇರೆ ಯಾರೂ ಇಲ್ಲ.

ಬರುವ ಕಾಗದಗಳು

ಅರ್ಥವಾಗದ ಕಾಗದವನ್ನು ಡ್ರಾಯರಿಗೆ ಸೇರಿಸಬೇಡಿ. ಪ್ರಸಾರ ಶುಲ್ಕದ ಕಾಗದ ಖಂಡಿತ ಬರುತ್ತದೆ: ಪ್ರತಿ ಮನೆಗೆ ತಿಂಗಳಿಗೆ 18.36 ಯೂರೊ, ಟಿವಿ ಇರಲಿ ಇಲ್ಲದಿರಲಿ. ಮೋಸದ ಕಾಗದವೆಂದು ಹರಿದು ಹಾಕಿದ ಅನೇಕರು ಆಮೇಲೆ ಬಡ್ಡಿಯಂತೆ ಬೆಳೆದ ಬಾಕಿಯನ್ನು ಒಟ್ಟಿಗೆ ಕಟ್ಟಿದ್ದಾರೆ. ಮೊಬೈಲ್, ಜಿಮ್, ವಿಮೆ ಯಾವುದನ್ನು ಬಿಡಬೇಕಾದರೂ ಬರಹದಲ್ಲಿ ತಿಳಿಸಿ ಉತ್ತರವನ್ನು ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಬಾಡಿಗೆ ಮನೆ ಬಿಡಲು ಮೂರು ತಿಂಗಳ ಮೊದಲೇ ಸಹಿ ಮಾಡಿದ ಕಾಗದ ಕೊಡಬೇಕು, ಇಮೇಲ್ ಸಾಲದು.

ಸರ್ಕಾರಿ ಕಚೇರಿಯ ತೀರ್ಮಾನವನ್ನು ಒಪ್ಪದಿದ್ದರೆ ಆಕ್ಷೇಪಿಸಲು ಸಾಮಾನ್ಯವಾಗಿ ಒಂದು ತಿಂಗಳು ಇರುತ್ತದೆ, ದಂಡದ ಆದೇಶಕ್ಕೆ ಎರಡೇ ವಾರ. ಕೂಟದ ತಿಂಗಳ ಸಭೆಯಲ್ಲಿ ಜರ್ಮನ್ ಬಲ್ಲ ಇಬ್ಬರು ಮೂವರು ಕಾಗದ ಓದಿ ಹೇಳಲೆಂದೇ ಕೂರುತ್ತಾರೆ, ಸಂಕೋಚವಿಲ್ಲದೆ ತನ್ನಿ. ನ್ಯಾಯಾಲಯ ಅಥವಾ ಸರ್ಕಾರಿ ಕಚೇರಿಯ ಅಧಿಕೃತ ಕಾಗದವಿರುವ ಹಳದಿ ಲಕೋಟೆ ಬಂದರೆ ಸಭೆಯವರೆಗೆ ಕಾಯದೆ ಅಂದೇ ತಿಳಿಸಿ, ಲಕೋಟೆಯನ್ನು ಎಸೆಯಬೇಡಿ. ಪೆಟ್ಟಿಗೆಗೆ ಹಾಕಿದ ದಿನಾಂಕವನ್ನು ಅಂಚೆಯವರು ಅದರ ಮೇಲೆಯೇ ಬರೆದಿರುತ್ತಾರೆ, ನಿಮ್ಮ ಗಡುವನ್ನು ಎಣಿಸುವುದು ಆ ದಿನದಿಂದ.