ಪಾಟ್ ತಿರುಗಿಸುವ ಮೊದಲು ಸಪ್ಲೈ ನೋಡಿ: ಟೆಕ್ಟ್ರಾನಿಕ್ಸ್ 465 ಸ್ಕೋಪ್ ಜೊತೆ ನನ್ನ ಅನುಭವ

ನಮ್ಮದು ಬದಿಯಡ್ಕ ಹತ್ರ. ಇಲ್ಲಿಯ ಮಳೆಗಾಲ ಅಂದ್ರೆ ಗೊತ್ತುಂಟಲ್ಲ, ಆಟಿಯಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಸ್ಟು ಹಿಡೀತದೆ, ಅಂಥಾ ಕಡೆ ಎಪ್ಪತ್ತರ ದಶಕದ 100 ಮೆಗಾಹರ್ಟ್ಸ್ ಆಸಿಲೋಸ್ಕೋಪು (ವಿದ್ಯುತ್ತಿನ ಅಲೆಯನ್ನ ಪರದೆ ಮೇಲೆ ಗೆರೆಯಾಗಿ ತೋರಿಸುವ ಯಂತ್ರ) ಸರಿಯಾದ ರೀಡಿಂಗ್ ಕೊಡ್ಬೇಕಾದ್ರೆ ಸ್ವಲ್ಪ ಸೇವೆ ಮಾಡ್ಲೇಬೇಕು.

ತಂದಾಗ 20 ಮಿಲಿವೋಲ್ಟ್ ರೇಂಜಲ್ಲಿ (ಪರದೆಯ ಒಂದು ಮನೆಗೆ, ಅಂದ್ರೆ ಒಂದು ಚೌಕಕ್ಕೆ, 20 ಮಿಲಿವೋಲ್ಟ್) ಸರಿಯಾಗಿ 100 ಮಿಲಿವೋಲ್ಟ್ ಕೊಟ್ರೆ 5 ಮನೆ ಏರ್ಬೇಕಿದ್ದ ಗೆರೆ 4.6 ಮನೆಗೇ ನಿಲ್ತಿತ್ತು. ನಾನು ಗೇನ್ ಪಾಟ್ (ಗೆರೆ ಎಷ್ಟು ಏರ್ಬೇಕು ಅಂತ ಹೊಂದಿಸುವ ತಿರುಪು) ತಿರುಗಿಸಿ 5ಕ್ಕೆ ತಂದೆ, ಅದು ತಪ್ಪು. ಮರುದಿನ ನೋಡಿದ್ರೆ ಬೇರೆಯೇ ತೋರಿಸ್ತಾ ಉಂಟು. ಗೆರೆಯನ್ನ ಹತ್ತಿರದಿಂದ ನೋಡಿದೆ, ಸಣ್ಣಗೆ ಅಲುಗ್ತಾ ಇತ್ತು, ಟ್ರಿಗರನ್ನ ಲೈನಿಗೆ ಹಾಕಿ (ಮೈನ್ಸ್ ಕರೆಂಟಿನ ತಾಳಕ್ಕೇ ಗೆರೆ ಶುರುವಾಗುವ ಹಾಗೆ) ಒಂದು ಮನೆಗೆ 5 ಮಿಲಿಸೆಕೆಂಡ್ ಇಟ್ಟಾಗ ಆ ಅಲೆ ಅಲ್ಲೇ ನಿಂತುಬಿಟ್ಟಿತು, ಹತ್ತು ಮನೆಯಲ್ಲಿ ಐದು ಅಲೆ. ಅಂದ್ರೆ 100 ಹರ್ಟ್ಸ್, ನಮ್ಮ ಕರೆಂಟಿನ 50ರ ಎರಡು ಪಟ್ಟು, ರೆಕ್ಟಿಫೈಯರ್ (ಎಸಿಯನ್ನ ಡಿಸಿ ಮಾಡುವ ಭಾಗ) ನಂತರ ಅಲೆಯನ್ನ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಂತ ಅರ್ಥ.

ಮೀಟರ್ ಹಿಡಿದು ಒಳಗಿನ ಸರ್ಕ್ಯೂಟಿಗೆ ಹೋಗುವ ಸಪ್ಲೈಗಳನ್ನ, ಅಂದ್ರೆ +5, +15, +55, +110, -8 ವೋಲ್ಟ್, ಎಲ್ಲಾ ಅಳೆದೆ. 15ರದ್ದು ಮಾತ್ರ 14.1 ಇತ್ತು. ಕೆಪಾಸಿಟರ್ ಬದಲಿಸಿ, ಗೇನ್ ಪಾಟನ್ನ ಮೊದ್ಲಿದ್ದ ಗುರುತಿಗೇ ವಾಪಸ್ ತಂದೆ (ಮುಟ್ಟುವ ಮೊದಲು ಮಾರ್ಕರಲ್ಲಿ ಗೆರೆ ಎಳೆದಿದ್ದೆ, ನೀವೂ ಎಳೀರಿ), ಅರ್ಧ ಗಂಟೆ ಬಿಸಿಯಾಗಲು ಬಿಟ್ಟೆ: 4.9. ಮ್ಯಾನುವಲ್ ಪ್ರಕಾರ 3 ಶೇಕಡಾ ಒಳಗೆ ಇದ್ರೆ ಸಾಕು, ಇದು 2. ಪಾಟ್ ಮತ್ತೆ ಮುಟ್ಲೇ ಇಲ್ಲ. +55 ಸರಿಯಿದ್ರೆ ಅದನ್ನೂ ಮುಟ್ಬೇಡಿ ಮಾರಾಯ್ರೇ, ಉಳಿದ ಸಪ್ಲೈಗಳೆಲ್ಲ ಅದನ್ನೇ ನೋಡ್ಕೊಂಡು ನಡೆಯೋದು, ಅದೊಂದು ಅಲುಗಿದ್ರೆ ಎಲ್ಲಾ ಶುರುವಿಂದ ಮಾಡ್ಬೇಕು. ಪರದೆಯ ಟ್ಯೂಬಿನ ಹಿಂದೆ 2000 ವೋಲ್ಟಿಗಿಂತ ಜಾಸ್ತಿ ಉಂಟು, ಆ ಕಡೆ ಕೈ ಹಾಕ್ಲೇಬೇಡಿ.

ವೋಲ್ಟ್ ರೇಂಜ್ ಬದಲಿಸುವ ಸ್ವಿಚ್ಚಿಗೆ ಕ್ಲೀನರ್ ಸ್ಪ್ರೇ ಹೊಡೀಬಾರ್ದು, ಒಳಗಿನ ಬೋರ್ಡಿಗೆ ಕೇಡು. ನಾನು ದಪ್ಪ ಕಾಗದದ ಸಪೂರ ಪಟ್ಟಿಯನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿ ಚಿನ್ನದ ಕಾಂಟ್ಯಾಕ್ಟುಗಳ ನಡುವೆ ಮೆಲ್ಲ ಎಳೆದೆ, ಪಟ್ಟಿಯ ಮೇಲೆ ಕಪ್ಪು ಗೀರು ಬಂತು, ನಾಲ್ಕನೇ ಪಟ್ಟಿ ಬಿಳಿಯಾಗಿಯೇ ಹೊರಗೆ ಬಂದಾಗ ನಿಲ್ಲಿಸಿದೆ.

ಟೈಮ್‌ಬೇಸಿಗೆ (ಅಡ್ಡಕ್ಕೆ ಸಮಯ ಅಳೆಯುವ ಭಾಗ) 1 ಮೆಗಾಹರ್ಟ್ಸ್ ಕ್ರಿಸ್ಟಲ್ ಆಸಿಲೇಟರ್, ಅದರ ಬೆನ್ನಿಗೆ ಮೂರು 7490 (ಹತ್ತರಿಂದ ಭಾಗಿಸುವ ಚಿಪ್) ಸಾಲಾಗಿ, 1 ಕಿಲೋಹರ್ಟ್ಸ್ ಸಿಗ್ತದೆ. ಒಂದು ಮನೆಗೆ 1 ಮಿಲಿಸೆಕೆಂಡ್ ಇಟ್ರೆ ಮನೆಗಳ ನಡುವಿನ ಪ್ರತಿ ಗೆರೆಗೊಂದು ಅಲೆಯ ಅಂಚು ಕೂರ್ಬೇಕು. ಎರಡನೇ ಗೆರೆಗೆ ಸರಿ ಕೂರಿಸಿ ಎಂಟು ಮನೆ ದಾಟಿ ನೋಡಿದ್ರೆ 0.3 ಮನೆ ಜಾರಿತ್ತು, ಸುಮಾರು 4 ಶೇಕಡಾ. ಇಲ್ಲಿ ಮಾತ್ರ ಪಾಟ್ ತಿರುಗಿಸಿದ್ದು, ಪ್ಲಾಸ್ಟಿಕ್ ಸ್ಕ್ರೂಡ್ರೈವರಲ್ಲಿ ಒಂದು ಕೂದಲಷ್ಟು. ಇದನ್ನೆಲ್ಲ ಬೆಳಿಗ್ಗೆಯೇ ಮಾಡೋದು, ಸಂಜೆ ನಮ್ಮಲ್ಲಿ ವೋಲ್ಟೇಜ್ ಇಳೀತದೆ.

ತೀರಾ ವೇಗದ ರೇಂಜುಗಳು ಇನ್ನೂ ಬಾಕಿ. ಈ ಸ್ಕೋಪಿನ ರೈಸ್ ಟೈಮೇ (ಗೆರೆ ಕೆಳಗಿಂದ ಮೇಲಕ್ಕೆ ಏರ್ಲಿಕ್ಕೆ ಹಿಡಿಯುವ ಸಮಯ) 3.5 ನ್ಯಾನೋಸೆಕೆಂಡ್, ಅದನ್ನ ಪರೀಕ್ಷಿಸ್ಲಿಕ್ಕೆ ಇನ್ನೂ ಚುರುಕಾದ ಪಲ್ಸ್ ಬೇಕು, ನನ್ನತ್ರ ಇಲ್ಲ, ಅಲ್ಲಿಯವರೆಗೆ ಆ ರೇಂಜಿನ ರೀಡಿಂಗ್ ನಾನು ಬರೆದಿಡೋದಿಲ್ಲ.