ಹಳೇ ಗಾರೆ ಮನೆ: ಮೊದಲು ಗೋಡೆ ಒಣಗಲಿ, ತಂಪು ಆಮೇಲೆ

ಮೈಸೂರಿನ ನಮ್ಮ ಹಳೇ ಮನೆಯ ನಡುಮನೆ ಗೋಡೆ ನೆಲದಿಂದ ಮೂರಡಿವರೆಗೆ ಸದಾ ತೇವ. ಬಣ್ಣ ಬೊಬ್ಬೆ ಎದ್ದಿತ್ತು, ಬೆರಳು ತಾಗಿದರೆ ಬಿಳಿ ಉಪ್ಪು ಉದುರುತ್ತಿತ್ತು. ಮೇಸ್ತ್ರಿ ಬಂದು ಕೆರೆದು ಸಿಮೆಂಟ್ ಹೊಡೆದರು. ಎರಡು ಮಳೆಗಾಲ ಏನೂ ಆಗಲಿಲ್ಲ. ಮೂರನೇ ವರ್ಷ ತೇವ ಸಿಮೆಂಟಿನ ಅಂಚು ದಾಟಿ ಅಪ್ಪನ ಫೋಟೋ ಹಿಂದೆ ಕಾಣಿಸಿಕೊಂಡಿತು.

ತಪ್ಪು ಸಿಮೆಂಟಿನದೇ. ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಗಾಳಿಗೆ ಅದನ್ನು ಬಿಟ್ಟುಬಿಡುತ್ತದೆ. ಸಿಮೆಂಟ್, ಪ್ಲಾಸ್ಟಿಕ್ ಪೇಂಟ್ ಆ ದಾರಿ ಮುಚ್ಚುತ್ತವೆ. ನೀರು ಒಳಗೇ ಮೇಲಕ್ಕೆ ಏರುತ್ತದೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕೂತಿದ್ದರೆ ನೀರು ಗೋಡೆಯೊಳಗಿನದು. ಮುಂದೆ ಕೂತಿದ್ದರೆ ಕೋಣೆಯ ಗಾಳಿಯದು. ಅದಕ್ಕೆ ಕಿಟಕಿ ತೆಗೆಯುವುದು, ಒದ್ದೆ ಬಟ್ಟೆ ಹೊರಗೆ ಒಣಗಿಸುವುದೇ ಔಷಧಿ.

ಆಮೇಲೆ ಹೊರಗೆ ಬನ್ನಿ. ಅರ್ಧ ಕಾಯಿಲೆ ಇಲ್ಲೇ ವಾಸಿಯಾಗುತ್ತದೆ. ಮನೆ ಸುತ್ತಲಿನ ನೆಲ ಒಳಗಿನ ನೆಲಕ್ಕಿಂತ ಒಂದು ಗೇಣಾದರೂ ತಗ್ಗಿರಬೇಕು. ಊರಿನಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿರುತ್ತದೆ, ಹಳೇ ಮನೆ ಗುಂಡಿಗೆ ಬಿದ್ದಿರುತ್ತದೆ, ಅಲ್ವಾ? ಹಾಗಿದ್ದರೆ ಗೋಡೆಗುಂಟ ಸಣ್ಣ ಕಾಲುವೆ ತೆಗೆಸಿ. ಸೂರಿನ ನೀರು ಹರಿಸುವ ದೋಣಿ ಒಡೆದಿದ್ದರೆ, ಪೈಪು ಸೋರುತ್ತಿದ್ದರೆ ಸರಿಮಾಡಿಸಿ. ಗೋಡೆಗೆ ಒತ್ತಿಕೊಂಡಿರುವ ತುಳಸಿಕಟ್ಟೆ, ಹೂಕುಂಡಗಳನ್ನೂ ದೂರ ಸರಿಸಿ.

ನಂತರ ಸಿಮೆಂಟ್ ಪ್ಲಾಸ್ಟರ್ ತೆಗೆಸಿ. ಬೆರಳಗಂಟಿನಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಅದು ಸುಲಭವಾಗಿ ಬಿಡುತ್ತದೆ. ಇಟ್ಟಿಗೆ ಬರಿಮೈ ಮಾಡಿ ಹಾಗೇ ಬಿಡಿ. ಈಗ ಬೇಕಾಗುವುದು ತಾಳ್ಮೆ. ದಪ್ಪದ ಪ್ರತಿ ಇಂಚು ಒಣಗಲು ಸುಮಾರು ಒಂದು ತಿಂಗಳು ಎಂಬುದು ಅಂದಾಜು ಲೆಕ್ಕ. ಒಂದೂವರೆ ಇಟ್ಟಿಗೆಯ ಗೋಡೆ ಅಂದರೆ ಒಂದು ವರ್ಷದ ಮೇಲಾಯಿತು. ಅಷ್ಟು ಕಾಯಲು ಆಗದಿದ್ದರೂ ದೀಪಾವಳಿಯಿಂದ ಯುಗಾದಿವರೆಗಿನ ಒಣ ಹವೆ ಪೂರ್ತಿ ಸಿಗಲಿ. ಮೇಲೆ ಬರುವ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ, ನೀರು ಹಾಕಬೇಡಿ.

ಮತ್ತೆ ಗಾರೆಯನ್ನೇ ಹಚ್ಚಿಸಿ. ಅರಳಿದ ಸುಣ್ಣ ಒಂದು ಪಾಲು, ಉಪ್ಪಿಲ್ಲದ ಮರಳು ಮೂರು ಪಾಲು. ಹಿಂದಿನವರು ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ನೀರನ್ನೂ ಸೇರಿಸುತ್ತಿದ್ದರು. ಒಂದು ಸಲಕ್ಕೆ ಅರ್ಧ ಇಂಚಿಗಿಂತ ಜಾಸ್ತಿ ಬೇಡ. ವಾರದವರೆಗೆ ಒದ್ದೆ ಗೋಣಿಚೀಲ ಇಳಿಬಿಡಿ, ಸುಣ್ಣ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಮೇಲೆ ಬರೀ ಸುಣ್ಣ ಬಳಿದರೆ ಸಾಕು.

ತೇವದ ಗೋಡೆಗೆ ಪಿವಿಸಿ ಪ್ಯಾನಲ್, ಥರ್ಮೋಕೋಲ್ ಹೊಡೆಸಬೇಡಿ. ಹಿಂದೆ ಬೂಸಲು, ಜಿರಲೆ ಸಂಸಾರ ಮಾಡುತ್ತವೆ. ಇಂಗ್ಲೆಂಡಿನಲ್ಲಿ ಹಳೇ ಇಟ್ಟಿಗೆ ಮನೆಗಳಿಗೆ ಚಳಿ ತಡೆಯಲು ಒಳಗಿನಿಂದ ಬೋರ್ಡ್ ಹಾಕುತ್ತಾರೆ. ಅದರ ಹಿಂದಿನ ಗೋಡೆ ಇನ್ನೂ ತಣ್ಣಗಾಗಿ ಬೆವರುವ ತೊಂದರೆ ಅಲ್ಲೂ ಇದೆ.

ನಮ್ಮ ಕಡೆ ಸೆಕೆ ಜಾಸ್ತಿ ಬರುವುದು ಮೇಲಿನಿಂದ. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿ ಇದ್ದರೆ ಮೊದಲು ತೊಲೆಯ ತುದಿ ಗೋಡೆ ಸೇರುವಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೆತ್ತಗಿದ್ದರೆ ಎಂಜಿನಿಯರ್ ಕರೆಸಿ, ಮೇಲೆ ಒಂದು ಬಾಣಲಿ ಕಾಂಕ್ರೀಟೂ ಸುರಿಸಬೇಡಿ. ಗಟ್ಟಿಯಿದ್ದರೆ ಬಿರುಕು ಮುಚ್ಚಿ, ಬೇಸಿಗೆಗೆ ಮುಂಚೆ ದಪ್ಪ ಸುಣ್ಣ ಬಳಿಸಿ. ವರ್ಷಕ್ಕೊಮ್ಮೆ ಬಳಿಯಬೇಕು, ನಿಜ. ಆದರೆ ಟಾರ್ ಶೀಟಿನ ಹಾಗೆ ತೇವವನ್ನು ಒಳಗೆ ಕೂಡಿಹಾಕುವುದಿಲ್ಲ. ಮಳೆ ನಿಂತ ಮಾರನೇ ದಿನ ತಾರಸಿ ಹತ್ತಿ, ನೀರು ನಿಂತ ಜಾಗಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮೇಸ್ತ್ರಿ ಬರುವ ಹೊತ್ತಿಗೆ ಎಲ್ಲ ಒಣಗಿರುತ್ತದೆ.