ಮನೆಬಳಕೆಗೆ ಹೊಲಿಗೆ ಯಂತ್ರ: ಕಡಿಮೆ ಬೆಲೆಯಲ್ಲಿ ಸರಿಯಾದದ್ದನ್ನು ಆರಿಸುವ ಬಗೆ

ಮನೆಗೊಂದು ಹೊಲಿಗೆ ಯಂತ್ರ ತರಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು, ಆಮೇಲೆ ಬೆಲೆ ಎಷ್ಟು ಎಂದು. ಈ ಎರಡೂ ಪ್ರಶ್ನೆಗಳು ಸ್ವಲ್ಪ ಕಾಯಬಹುದು. ಆ ಯಂತ್ರದ ಸೂಜಿಯ ಕೆಳಗೆ ವರ್ಷವಿಡೀ ಯಾವ ಬಟ್ಟೆ ಹಾಯಲಿದೆ, ಅದು ಕೆಟ್ಟು ನಿಂತಾಗ ಬಂದು ನೋಡುವ ಮೆಕ್ಯಾನಿಕ್ ಎಷ್ಟು ದೂರದಲ್ಲಿದ್ದಾನೆ ಎಂಬ ಎರಡು ಸಂಗತಿಗಳು ಸ್ಪಷ್ಟವಾದರೆ, ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಯಂತ್ರಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ನಮ್ಮ ಮನೆಗಳಲ್ಲಿ ನಡೆಯುವ ಹೊಲಿಗೆಯನ್ನೇ ನೋಡಿ. ಬಿಗಿಯಾದ ರವಿಕೆಯ ಪಕ್ಕದ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲಿಸುವುದು, ಸೀರೆಗೆ ಫಾಲ್ ಹಚ್ಚುವುದು, ಒಳಲಂಗ, ದಿಂಬಿನ ಚೀಲ, ಕಿಟಕಿಯ ಪರದೆ, ಮಕ್ಕಳ ಯೂನಿಫಾರ್ಮಿನ ಅಂಚು ಇಳಿಸುವುದು, ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ಸಂತೆಗೊಂದು ಕೈಚೀಲ. ಇವೆಲ್ಲಕ್ಕೂ ಬೇಕಾದದ್ದು ನೇರ ಹೊಲಿಗೆ ಒಂದೇ. ಜಿಗ್‌ಜಾಗ್ ಹೊಲಿಗೆ ಬೇಕಾಗುವುದು ಎಳೆ ಬಿಡುವ ಬಟ್ಟೆಯ ಅಂಚು ಕಟ್ಟುವುದಕ್ಕೆ, ಟೀ ಶರ್ಟಿನಂತಹ ಹಿಗ್ಗುವ ಬಟ್ಟೆಗೆ, ಸೀರೆಯ ತುದಿಗೆ ಪಿಕೋ ಮಾಡುವುದಕ್ಕೆ ಮತ್ತು ಗುಂಡಿಯ ಕಾಜಾಕ್ಕೆ. ಈ ಎರಡನೆಯ ಪಟ್ಟಿಯ ಕೆಲಸ ನಿಮಗೆ ತಿಂಗಳಿಗೊಮ್ಮೆಯಾದರೂ ಬೀಳುತ್ತದೆಯೇ ಎಂದು ಪ್ರಾಮಾಣಿಕವಾಗಿ ಯೋಚಿಸಿ ನೋಡಿ. ಹೂವು, ಬಳ್ಳಿ, ಎಲೆಯ ಸಾಲು ಎಂದು ಇಪ್ಪತ್ತೊಂದು ಬಗೆಯ ಹೊಲಿಗೆ ಹಾಕುವ ಯಂತ್ರವನ್ನು ನಾನು ಆಸೆಪಟ್ಟು ತಂದಿದ್ದೆ. ಇಷ್ಟು ವರ್ಷಗಳಲ್ಲಿ ಅದರ ಗುಂಡಿ ತಿರುಗಿದ್ದು ನೇರ, ಜಿಗ್‌ಜಾಗ್, ಕಾಜಾ ಈ ಮೂರರ ನಡುವೆ ಮಾತ್ರ. ಉಳಿದ ಹದಿನೆಂಟಕ್ಕೂ ದುಡ್ಡು ಕೊಟ್ಟದ್ದು ನಾನೇ.

ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಯಂತ್ರಗಳು ಸ್ಥೂಲವಾಗಿ ಮೂರು ಬಗೆಯವು.

ಮೊದಲನೆಯದು ಅಂಗೈಯಗಲದ ‘ಮಿನಿ’ ಯಂತ್ರ. ಬೆಲೆ ಸಾವಿರದಿಂದ ಎರಡೂವರೆ ಸಾವಿರದೊಳಗೆ; ಬ್ಯಾಟರಿಯಲ್ಲೋ ಪುಟ್ಟ ಅಡಾಪ್ಟರಿನಲ್ಲೋ ಓಡುತ್ತದೆ. ಸ್ಟೇಪ್ಲರಿನಂತೆ ಕೈಯಲ್ಲಿ ಹಿಡಿದು ಒತ್ತುವ ಯಂತ್ರಗಳು ಒಂದೇ ದಾರದಲ್ಲಿ ಸರಪಳಿ ಹೊಲಿಗೆ ಹಾಕುತ್ತವೆ. ಅಕ್ಕಿ ಮೂಟೆಯ ಬಾಯಿಯಲ್ಲಿ ಸರಿಯಾದ ತುದಿ ಸಿಕ್ಕಿ ಎಳೆದರೆ ದಾರ ಸರ್ರನೆ ಕೊನೆಯವರೆಗೂ ಬಿಚ್ಚಿಕೊಳ್ಳುತ್ತದಲ್ಲ, ಅದೂ ಸರಪಳಿ ಹೊಲಿಗೆಯೇ. ಮೂಟೆಗೆ ಅದು ಅನುಕೂಲ, ರವಿಕೆಗೆ ಅನಾಹುತ. ಮೇಜಿನ ಮೇಲಿಡುವ ಮಿನಿಗಳಲ್ಲಿ ಬಾಬಿನ್ (ಕೆಳಗಿನ ದಾರ ಸುತ್ತಿಡುವ ಪುಟ್ಟ ಉರುಳೆ) ಇದ್ದು ಎರಡು ದಾರದ ಹೊಲಿಗೆ ಬರುತ್ತದೆ ನಿಜ, ಆದರೆ ಹಗುರವಾದ ಮೋಟಾರು ನಾಲ್ಕು ಮಡಿಕೆ ಕಾಟನ್ ಬಂದೊಡನೆ ಗುರ್ ಎಂದು ನಿಲ್ಲುತ್ತದೆ. ಕಲಿಯುವ ಮಗುವಿನ ಆಟಕ್ಕಾದರೆ ಸರಿ. ಮನೆಯ ಕೆಲಸಕ್ಕೆ ಇದನ್ನು ಕೊಳ್ಳುವುದು ಹಣ ಉಳಿಸಿದಂತಲ್ಲ.

ಎರಡನೆಯದು ನಮ್ಮೆಲ್ಲರಿಗೂ ಗೊತ್ತಿರುವ ಕಪ್ಪು ಕಬ್ಬಿಣದ ಯಂತ್ರ. ಉಷಾ, ಸಿಂಗರ್ ಮುಂತಾದ ಹೆಸರಿನವಲ್ಲದೆ ಪಂಜಾಬಿನ ಲುಧಿಯಾನದಲ್ಲಿ ತಯಾರಾಗಿ ದೇಶದ ತುಂಬ ಹರಡುವ ಹತ್ತಾರು ಹೆಸರುಗಳೂ ಇದರಲ್ಲಿವೆ. ಮೇಜು, ಎರಕದ ಕಾಲು, ಪೆಡಲ್ ಸೇರಿ ಸುಮಾರು ಆರರಿಂದ ಒಂಬತ್ತು ಸಾವಿರ ರೂಪಾಯಿಗೆ ಸಿಗುತ್ತದೆ. ನೇರ ಹೊಲಿಗೆ ಮಾತ್ರ ಬರುತ್ತದೆ, ಆದರೆ ಆ ಒಂದನ್ನು ಮುವ್ವತ್ತು ವರ್ಷ ಹಾಕುತ್ತದೆ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ ಎಂಬುದು ಹಳ್ಳಿಯಲ್ಲಿರುವವರಿಗೆ ಸಣ್ಣ ಮಾತಲ್ಲ. ಮಂಡಿನೋವಿನವರು ತುಳಿಯಲಾರದಿದ್ದರೆ ಇದಕ್ಕೇ ಸಾವಿರದಿಂದ ಎರಡು ಸಾವಿರದೊಳಗೆ ಒಂದು ಸಣ್ಣ ಮೋಟಾರು ಹಾಕಿಸಿಕೊಳ್ಳಬಹುದು. ಪೆಡಲ್ ಕಲಿಯಲು ಮಾತ್ರ ನಾಲ್ಕೈದು ದಿನ ಬೇಕು: ಚಕ್ರ ಯಾವಾಗಲೂ ಹೊಲಿಯುವವರ ಕಡೆಗೇ ತಿರುಗಬೇಕು, ಹೊಸಬರ ಕಾಲು ತಪ್ಪಿ ಅದು ಹಿಂದಕ್ಕೆ ತಿರುಗಿದರೆ ದಾರ ಸಿಕ್ಕಾಗುತ್ತದೆ ಇಲ್ಲವೇ ತುಂಡಾಗುತ್ತದೆ. ದಾರ ಹಾಕದೆ, ಹಳೆಯ ನೋಟ್‌ಬುಕ್ಕಿನ ಗೆರೆಗಳ ಮೇಲೆ ಬರಿಯ ಸೂಜಿ ಓಡಿಸಿ ಅಭ್ಯಾಸ ಮಾಡುವ ನಮ್ಮ ಟೈಲರಿಂಗ್ ಕ್ಲಾಸುಗಳ ಪದ್ಧತಿ ಈಗಲೂ ಉತ್ತಮವೇ. ಕಾಗದದ ಮೇಲೆ ಓಡಿದ ಸೂಜಿ ಮೊಂಡಾಗುತ್ತದೆ, ಬಟ್ಟೆಗೆ ಬೇರೆ ಸೂಜಿ ಹಾಕಿಕೊಳ್ಳಿ.

ಮೂರನೆಯದು ಬಿಳಿ ಮೈಯ, ಒಳಗೇ ಮೋಟಾರು ಇರುವ ಜಿಗ್‌ಜಾಗ್ ಯಂತ್ರ. ಉಷಾ ಜನೋಮೆ, ಸಿಂಗರ್, ಬ್ರದರ್ ಮುಂತಾದವರ ಆರಂಭದ ಮಾದರಿಗಳು ಸುಮಾರು ಎಂಟು ಸಾವಿರದಿಂದ ಹದಿನೈದು ಸಾವಿರದವರೆಗೆ ಇರುತ್ತವೆ. ಎತ್ತಿ ಬೀರುವಿನಲ್ಲಿಡಬಹುದು, ಆದ್ದರಿಂದ ಬಾಡಿಗೆ ಮನೆಯವರಿಗೂ ಫ್ಲ್ಯಾಟಿನವರಿಗೂ ಇದೇ ಅನುಕೂಲ. ಮೋಟಾರು ಸಾಮಾನ್ಯವಾಗಿ 70ರಿಂದ 90 ವಾಟಿನದು. ದಿನಕ್ಕೊಂದು ಗಂಟೆ ಹೊಲಿದರೂ ತಿಂಗಳಿಗೆ ಮೂರು ಯೂನಿಟ್ ದಾಟುವುದಿಲ್ಲವಾದ್ದರಿಂದ ಕರೆಂಟ್ ಬಿಲ್ಲಿನ ಚಿಂತೆ ಬೇಡ. ಇದರ ದೌರ್ಬಲ್ಯ ಒಳಗಿದೆ. ಅಗ್ಗದ ಮಾದರಿಗಳಲ್ಲಿ ಕೆಲವು ಹಲ್ಲುಚಕ್ರಗಳು ನೈಲಾನಿನವಾಗಿರುವುದರಿಂದ ದಪ್ಪ ಬಟ್ಟೆಯನ್ನು ಬಲವಂತವಾಗಿ ನುಗ್ಗಿಸಿದರೆ ಹಲ್ಲು ಮುರಿಯುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಮಾಡುವ ಕೌದಿಯನ್ನು ಇದರಲ್ಲಿ ಹೊಲಿಯುತ್ತೇನೆಂದು ಹೊರಡಬೇಡಿ; ಅದಕ್ಕೆ ಕೈಸೂಜಿಯೇ ಸರಿ.

ಪಿಕೋ ವಿಷಯದಲ್ಲಿ ಅಂಗಡಿಯವರ ಮಾತನ್ನು ಸ್ವಲ್ಪ ಜರಡಿ ಹಿಡಿದು ಕೇಳಬೇಕು. ಒತ್ತೊತ್ತಾದ ಸಣ್ಣ ಜಿಗ್‌ಜಾಗ್ ಇಟ್ಟು, ಅಂಚು ಸುರುಳಿ ಸುತ್ತುವ ಪಾದ (ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ) ಹಾಕಿದರೆ ಮನೆಯ ನಾಲ್ಕಾರು ಸೀರೆಗೆ ಪಿಕೋ ಆಗುತ್ತದೆ ಎಂಬುದು ಸುಳ್ಳಲ್ಲ. ಅಕ್ಕಪಕ್ಕದವರ ಸೀರೆಗಳನ್ನೂ ತೆಗೆದುಕೊಂಡು ದಿನಕ್ಕೆ ಹತ್ತು ಪಿಕೋ ಮಾಡುವ ಯೋಚನೆಯಿದ್ದರೆ ಮಾತ್ರ ಅದಕ್ಕೆಂದೇ ಇರುವ ಯಂತ್ರ ಬೇರೆ ಬೇಕು. ಹಾಗೆಯೇ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡಿದವರು ಅಲ್ಲಿಯ ಜೂಕಿ ಯಂತ್ರದ ವೇಗಕ್ಕೆ ಮನಸೋತು ಅದನ್ನೇ ಮನೆಗೆ ತರಬೇಕೆನ್ನುವುದುಂಟು. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕುವ ಯಂತ್ರ ದಿನಕ್ಕೆ ಎರಡು ದಿಂಬಿನ ಚೀಲಕ್ಕೆ ಬೇಕಿಲ್ಲ.

ಇನ್ನು ಅಂಗಡಿಯಲ್ಲಿ ಪರೀಕ್ಷಿಸುವ ವಿಷಯ. ಇಲ್ಲಿ ಅವಸರ ಮಾಡಬಾರದು. ಅಂಗಡಿಯವರು ತೋರಿಸುವಾಗ ಗಂಜಿ ಹಾಕಿದ ಗಟ್ಟಿ ಕಾಟನ್ ತುಂಡಿನ ಮೇಲೆ ಓಡಿಸುತ್ತಾರೆ; ಅಂತಹ ಬಟ್ಟೆಯ ಮೇಲೆ ಎಂತಹ ಯಂತ್ರವೂ ಚೆನ್ನಾಗಿಯೇ ಹೊಲಿಯುತ್ತದೆ. ನಿಮ್ಮ ಮನೆಯಿಂದಲೇ ಮೂರು ಬಗೆಯ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ: ಜಾರುವ ರೇಷ್ಮೆ ಅಥವಾ ಶಿಫಾನಿನದೊಂದು, ರವಿಕೆಯ ಕಾಟನ್ ಅಥವಾ ಗುಳೇದಗುಡ್ಡದ ಖಣದ್ದೊಂದು, ಹಳೆಯ ಜೀನ್ಸ್ ಪ್ಯಾಂಟಿನ ಕಾಲಿನ ತುದಿಯದೊಂದು. ಜೊತೆಗೆ ಕೆಂಪು ದಾರದ ಒಂದು ಉರುಳೆ, ಬಿಳಿ ದಾರದ ಒಂದು ಉರುಳೆ ಇರಲಿ.

ಮೇಲೆ ಕೆಂಪು ದಾರ, ಬಾಬಿನ್ನಿಗೆ ಬಿಳಿ ದಾರ ಹಾಕಿಸಿ, ನೀಲಿಯೋ ಹಸಿರೋ ಬಟ್ಟೆಯ ಎರಡು ಪದರದ ಮೇಲೆ ಒಂದು ಗೇಣು ಹೊಲಿಯಿರಿ. ಈ ಯಂತ್ರಗಳಲ್ಲಿ ಸೂಜಿ ಕೆಳಗಿಳಿದಾಗ ಕೆಳಗಿರುವ ಶಟಲ್ ಎಂಬ ಕೊಕ್ಕೆಯ ಮೊನೆ ಮೇಲಿನ ದಾರದ ಕುಣಿಕೆಯನ್ನು ಹಿಡಿದು ಬಾಬಿನ್ನನ್ನು ಸುತ್ತಿಸುತ್ತದೆ, ಎರಡು ದಾರಗಳೂ ಬಟ್ಟೆಯ ಪದರಗಳ ನಡುವೆ ಒಂದನ್ನೊಂದು ತಬ್ಬಿಕೊಳ್ಳುತ್ತವೆ. ಹೊಲಿಗೆ ಸರಿಯಿದ್ದರೆ ಮೇಲಿನಿಂದ ಕೆಂಪು ಮಾತ್ರ, ಕೆಳಗಿನಿಂದ ಬಿಳಿ ಮಾತ್ರ ಕಾಣಬೇಕು. ಮೇಲ್ಭಾಗದಲ್ಲಿ ಸಾಸಿವೆಯಂತೆ ಬಿಳಿ ಚುಕ್ಕೆಗಳು ಕಂಡರೆ ಮೇಲಿನ ಟೆನ್ಷನ್ (ದಾರದ ಎಳೆತ) ಬಿಗಿಯಾಗಿದೆ ಎಂದರ್ಥ. ಕೆಳಭಾಗದಲ್ಲಿ ಕೆಂಪು ಕುಣಿಕೆಗಳು ಕಂಡರೆ ಅದು ಸಡಿಲ. ಇದು ಕಂಡೊಡನೆ ಯಂತ್ರವೇ ಕೆಟ್ಟದ್ದೆಂದು ಎದ್ದು ಬರಬೇಡಿ. ಟೆನ್ಷನ್ ತಿರುಪನ್ನು ಸ್ವಲ್ಪ ತಿರುಗಿಸಲು ಹೇಳಿ. ಅರ್ಧ ಸುತ್ತಿನೊಳಗೆ ಸರಿಹೋದರೆ ಯಂತ್ರ ಮಾತು ಕೇಳುತ್ತದೆ ಎಂದು ತಿಳಿಯಬಹುದು. ತಿರುಗಿಸಿದಷ್ಟೂ ಏನೂ ಬದಲಾಗದಿದ್ದರೆ, ಇಲ್ಲವೇ ಹತ್ತು ಇಂಚು ಸರಿಯಾಗಿ ಬಂದು ಮತ್ತೆ ಕೆಟ್ಟರೆ, ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಕೆಳಗಡೆ ದಾರವೆಲ್ಲ ಗುಬ್ಬಿಗೂಡಿನಂತೆ ಸಿಕ್ಕಾಗುವುದನ್ನು ಕಂಡು ಬಾಬಿನ್ ಕೆಟ್ಟಿದೆ ಎನ್ನುವವರೇ ಹೆಚ್ಚು. ಬಹಳ ಸಲ ತಪ್ಪು ಮೇಲಿನ ದಾರದ್ದು: ಪಾದ ಇಳಿದಿರುವಾಗ ದಾರ ಹಾಕಿದರೆ ಟೆನ್ಷನ್ನಿನ ಬಿಲ್ಲೆಗಳು ಮುಚ್ಚಿಕೊಂಡಿರುವುದರಿಂದ ದಾರ ಅವುಗಳ ನಡುವೆ ಕೂರುವುದೇ ಇಲ್ಲ. ಪಾದ ಎತ್ತಿ, ದಾರ ಬಿಚ್ಚಿ ಮತ್ತೊಮ್ಮೆ ಹಾಕಿ ನೋಡಿ.

ಬಾಬಿನ್ ಕೇಸ್ ಹೊರಕ್ಕೆ ಬರುವ ಯಂತ್ರವಾದರೆ ಇನ್ನೊಂದು ಸಣ್ಣ ಪರೀಕ್ಷೆಯಿದೆ. ಬಾಬಿನ್ ಕೂರಿಸಿದ ಕೇಸನ್ನು ಅದರ ದಾರದಲ್ಲೇ ತೂಗುಬಿಡಿ. ತನ್ನ ಭಾರಕ್ಕೇ ಅದು ಸರಸರನೆ ಇಳಿಯಬಾರದು. ಕೈಯನ್ನು ಮೆಲ್ಲಗೆ ಜಗ್ಗಿದಾಗ ಒಂದೆರಡು ಬೆರಳಿನಷ್ಟು ಇಳಿದು ನಿಲ್ಲಬೇಕು.

ಆಮೇಲೆ ಜೀನ್ಸ್ ತುಂಡನ್ನು ಮಡಿಸಿ, ಪಕ್ಕದ ಹೊಲಿಗೆ ಸೇರುವ ಉಬ್ಬಿನ ಮೇಲೆ ನಿಧಾನವಾಗಿ ಹಾಯಿಸಿ. ಈ ತುಂಡಿಗೆ 16ನೇ ನಂಬರಿನ ಸೂಜಿ ಹಾಕಿಸಲು ಮರೆಯಬೇಡಿ. ಮಾಮೂಲಿ ಕಾಟನ್ನಿಗೆ 14, ತೆಳು ಬಟ್ಟೆಗೆ 11, ಮೈಸೂರು ರೇಷ್ಮೆಯಂತಹ ನಯವಾದ ಬಟ್ಟೆಗೆ 9 ಅಥವಾ 11 ಸರಿಹೊಂದುತ್ತದೆ. ಯಂತ್ರ ಸ್ವಲ್ಪ ತಡವರಿಸಿದರೂ ಚಕ್ರಕ್ಕೆ ಕೈಕೊಟ್ಟಾಗ ದಾಟಿದರೆ ಸಾಕು, ಮನೆಬಳಕೆಗೆ ಅಷ್ಟು ಶಕ್ತಿ ಧಾರಾಳ. ರೇಷ್ಮೆ ತುಂಡಿನಲ್ಲಿ ನೋಡಬೇಕಾದದ್ದು ಬೇರೆ: ಬಟ್ಟೆ ಸುಕ್ಕುಗಟ್ಟುತ್ತದೆಯೇ, ಬಟ್ಟೆ ತಳ್ಳುವ ಹಲ್ಲುಗಳು ಗೀರು ಬೀಳಿಸುತ್ತವೆಯೇ, ಸೂಜಿಯ ತೂತಿನೊಳಗೆ ಬಟ್ಟೆ ಎಳೆದುಕೊಂಡು ಹೋಗುತ್ತದೆಯೇ ಎಂಬುದು. ಕೊನೆಗೆ ದಾರ ತೆಗೆದು, ಪಾದ ಎತ್ತಿ ಬರಿದೇ ಓಡಿಸಿ ಕಿವಿಗೊಡಿ. ಒಂದೇ ಲಯದ ಟಕಟಕ ಸದ್ದಿಗೆ ಹೆದರಬೇಕಿಲ್ಲ. ನಡುನಡುವೆ ಲೋಹಕ್ಕೆ ಲೋಹ ತಾಗಿದ ಕಿಣ್ ಎಂಬ ಸದ್ದು ಬಂದರೆ ಒಪ್ಪಬೇಡಿ.

ಹೊರಡುವ ಮುನ್ನ ಕೇಳಿ ತಿಳಿಯಬೇಕಾದದ್ದು ಬಿಡಿಭಾಗಗಳ ಬಗ್ಗೆ. ಸೂಜಿ ಮತ್ತು ಬಾಬಿನ್ ಮಾಮೂಲಿ ಅಳತೆಯವೇ? ಮನೆಯ ಯಂತ್ರಗಳ ಸೂಜಿಯ ಬುಡ ಒಂದು ಬದಿ ಚಪ್ಪಟೆಯಾಗಿರುತ್ತದೆ, ಕಾರ್ಖಾನೆ ಯಂತ್ರಗಳದ್ದು ದುಂಡಗಿರುತ್ತದೆ. ಒಂದರದ್ದು ಇನ್ನೊಂದಕ್ಕೆ ಆಗದು. ನನ್ನ ಪರಿಚಯದವರೊಬ್ಬರು ಮನೆಗೇ ತರಿಸಿಕೊಂಡ, ಹೆಸರು ಕೇಳಿರದ ಯಂತ್ರವೊಂದರ ಬಾಬಿನ್ ಕೇಸ್ ಆರನೆಯ ತಿಂಗಳಲ್ಲಿ ಮುರಿಯಿತು. ಊರಿನ ಯಾವ ಅಂಗಡಿಯಲ್ಲೂ ಅದಕ್ಕೆ ಹೊಂದುವಂತಹದು ಸಿಗದೆ, ಈಗ ಆ ಯಂತ್ರದ ಮೇಲೆ ಟೇಬಲ್ ಫ್ಯಾನ್ ಕೂತಿದೆ. ನೀವು ಕೊಳ್ಳಲಿರುವ ಮಾದರಿಯ ಹೆಸರು ಬರೆದುಕೊಂಡು ಹೋಗಿ, ನಿಮ್ಮ ಬೀದಿಯ ಟೈಲರಿಗೆ ಬರುವ ಮೆಕ್ಯಾನಿಕ್ಕನ್ನು ‘ಇದರ ಸಾಮಾನು ಸಿಗುತ್ತದೆಯೇ’ ಎಂದು ಒಂದು ಮಾತು ಕೇಳುವುದು ಯಾವ ವಾರಂಟಿ ಕಾರ್ಡಿಗಿಂತಲೂ ಉಪಯೋಗಕ್ಕೆ ಬರುತ್ತದೆ.

ಕೈಯಲ್ಲಿರುವುದು ಮೂರು ನಾಲ್ಕು ಸಾವಿರ ಮಾತ್ರವಾದರೆ ಹೊಸ ಮಿನಿ ಯಂತ್ರಕ್ಕಿಂತ ಹಳೆಯ ಕಪ್ಪು ಯಂತ್ರವೇ ಮೇಲು. ನೋಡುವಾಗ ಮೇಲಿನ ಬಣ್ಣಕ್ಕೆ ಬೆಲೆ ಕೊಡಬೇಡಿ. ಸೂಜಿಯ ಕಂಬಿಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿ. ಕಟಕಟ ಎಂದು ಅಕ್ಕಪಕ್ಕಕ್ಕೆ ಆಡಿದರೆ ಸವೆದಿದೆ. ಶಟಲ್ ಬಿಚ್ಚಿಸಿ ಅದರ ಮೊನೆ ಚೂಪಾಗಿದೆಯೇ, ಅದು ಕೂರುವ ಗುಂಡಿಯಲ್ಲಿ ತುಕ್ಕಿದೆಯೇ ನೋಡಿ. ಚಕ್ರ ಗಟ್ಟಿಯಾಗಿ ತಿರುಗುವುದು ಮಾತ್ರ ದೊಡ್ಡ ದೋಷವಲ್ಲ. ಎಷ್ಟೋ ಮನೆಗಳಲ್ಲಿ ಪ್ರತಿ ಆಯುಧಪೂಜೆಗೆ ಹಚ್ಚಿದ ಅರಿಸಿನ ಕುಂಕುಮ ಎಣ್ಣೆಯ ತೂತುಗಳಿಗೆ ಇಳಿದು, ಅದರ ಮೇಲೆ ಯಾರೋ ಬಿಟ್ಟ ಕೊಬ್ಬರಿ ಎಣ್ಣೆ ಅಂಟಾಗಿ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಯಂತ್ರದ ತಿಳಿ ಎಣ್ಣೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಅದು ಹಗುರಾಗಿ ತಿರುಗುತ್ತದೆ. ಹೊಸ ಯಂತ್ರಕ್ಕೂ ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಬೇಡವೇ ಬೇಡ.

ಹೊಲಿಗೆಯನ್ನೇ ಇನ್ನೂ ಕಲಿಯದವರು ಮೊದಲು ಕಲಿತು ಆಮೇಲೆ ಕೊಳ್ಳುವುದು ಜಾಣತನ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇಂದು ಜಿಲ್ಲೆಗಳಲ್ಲಿ ನಡೆಯುತ್ತಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳು ಊಟ ವಸತಿಯೊಡನೆ ಉಚಿತವಾಗಿ ಟೈಲರಿಂಗ್ ಕಲಿಸುತ್ತವೆ. ಅಲ್ಲಿ ತಿಂಗಳು ಕಾಲ ಯಂತ್ರ ತುಳಿದವರಿಗೆ ತಮಗೆ ಬೇಕಾದದ್ದು ಯಾವುದೆಂದು ಯಾರೂ ಹೇಳಬೇಕಾಗುವುದಿಲ್ಲ. ಹೊಲಿಗೆಯನ್ನೇ ಕಸುಬಾಗಿ ಮಾಡುತ್ತಿರುವವರು 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯನ್ನು ವಿಚಾರಿಸಬೇಕು. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದ್ದು, ಉಪಕರಣಕ್ಕೆಂದು 15,000 ರೂಪಾಯಿವರೆಗಿನ ನೆರವು ಸಿಗುತ್ತದೆ.

ಯಂತ್ರ ಮನೆಗೆ ಬಂದ ಮೊದಲ ವಾರದಲ್ಲೇ, ಅಂಗಡಿಯವರು ಬದಲಾಯಿಸಿಕೊಡುವ ಅವಧಿ ಮುಗಿಯುವುದರೊಳಗೆ, ನಿಮ್ಮಲ್ಲಿರುವ ಎಲ್ಲ ಬಗೆಯ ಬಟ್ಟೆಯ ಮೇಲೂ ಅದನ್ನು ದಿನಕ್ಕೊಂದು ಗಂಟೆ ಓಡಿಸಿ, ಯಾವುದಕ್ಕೆ ತಕರಾರು ಮಾಡಿತೆಂದು ಬಿಲ್ಲಿನ ಹಿಂದೆಯೇ ಗುರುತು ಹಾಕಿಕೊಳ್ಳಿ. ಪೆಡಲ್ ಯಂತ್ರವಾದರೆ ಹೊಸ ಚರ್ಮದ ಬೆಲ್ಟು ಕೆಲವು ವಾರಗಳಲ್ಲಿ ಹಿಗ್ಗಿ ಚಕ್ರದ ಮೇಲೆ ಜಾರತೊಡಗುತ್ತದೆ, ಮಳೆಗಾಲದಲ್ಲಂತೂ ಇನ್ನೂ ಬೇಗ. ಅದು ಯಂತ್ರದ ದೋಷವಲ್ಲ. ಬೆಲ್ಟಿನ ತಂತಿಯ ಕೊಂಡಿ ಬಿಚ್ಚಿ, ಕಿರುಬೆರಳಿನ ಅಗಲದಷ್ಟು ಕತ್ತರಿಸಿ, ಹೊಸ ತೂತು ಹಾಕಿ ಮತ್ತೆ ಕೊಂಡಿ ಸಿಕ್ಕಿಸಿದರಾಯಿತು.